ಅಕ್ಕ ಕನ್ನಡಕ್ಕೆ ತಂದ ಬಡಾಯಿ

ಮೊನ್ನೆ ನನ್ನ ಮಗಳು ಕೊರಿಯರ್‌ನಲ್ಲಿ ಬಂದ ಒಂದು ಡಬ್ಬಿ ಬಿಚ್ಚಿದಳು. ಕೂದಲು ಉದುರುತ್ತದೆ ಎಂಬ ಅವಳ ದಿನನಿತ್ಯದ ಗೋಳಿಗೆ ಫೋನಿನಲ್ಲಿ ಸಿಕ್ಕ ಮದ್ದು ಅದು, ಆದಿವಾಸಿ ಎಣ್ಣೆಯಂತೆ. ಬಾಟಲಿಯ ಮೇಲೆ ಮೊಣಕಾಲು ಮುಟ್ಟುವ ಜಡೆಯ ಹೆಂಗಸೊಬ್ಬಳು ತಲೆಗೆ ಗರಿ ಸಿಕ್ಕಿಸಿಕೊಂಡು ನಗುತ್ತಿದ್ದಳು. ಅಂಥ ಗರಿಯನ್ನು ನಮ್ಮ ಸೀಮೆಯಲ್ಲಿ ಯಾರೂ ಮುಡಿದದ್ದನ್ನು ನಾನು ಕಂಡಿಲ್ಲ. ದುಡ್ಡು ದಂಡ ಎಂದು ಬೈಯಲು ಬಾಯಿ ತೆರೆದವಳು, ಅವಳು ಮುಚ್ಚಳ ತೆಗೆದ ಕೂಡಲೇ ಸುಮ್ಮನಾದೆ. ಮೆಂತ್ಯ, ಕರಿಬೇವು, ಅದರ ಹಿಂದೆ ಸುಟ್ಟ ಬೇರಿನ ಒಂದು ಕಮಟು... ಆ ವಾಸನೆ ನನಗೆ ಗೊತ್ತಿತ್ತು.

ಅದು ನಮ್ಮ ಎಂ.ಎ. ತರಗತಿಯ ಕಿಟಕಿ ಪಕ್ಕದ ಬೆಂಚಿನ ವಾಸನೆ. ತೊಂಬತ್ತರ ದಶಕದ ಕೊನೆ. ದಾವಣಗೆರೆ ಆಗತಾನೇ ಜಿಲ್ಲೆಯಾಗಿತ್ತು, ಊರಿನವರು ಹೊಸ ಬೀಗರ ಹಾಗೆ ಬೀಗುತ್ತಿದ್ದರು. ನಮ್ಮದು ಬೆಲ್ಲದ ಮಂಡಿಯವರ ಮನೆ, ನಿಜಲಿಂಗಪ್ಪ ಬಡಾವಣೆಯಲ್ಲಿ. ಗಂಡು ಗೊತ್ತಾಗುವ ತನಕ ಹುಡುಗಿ ಖಾಲಿ ಕೂರುವುದು ಬೇಡ ಎಂದು ಅಪ್ಪ ನನ್ನನ್ನು ಊರಾಚೆಯ ಸ್ನಾತಕೋತ್ತರ ಕೇಂದ್ರದಲ್ಲಿ ಸಮಾಜಶಾಸ್ತ್ರಕ್ಕೆ ಸೇರಿಸಿದ್ದರು. ಎರಡನೇ ವರ್ಷಕ್ಕೆ ಒಂದು ಐಚ್ಛಿಕ ಪೇಪರು: ಬುಡಕಟ್ಟು ಜನ, ಸಂಸ್ಕೃತಿ ಮತ್ತು ಸಾಮಾಜಿಕ ನ್ಯಾಯ. ಇದರಲ್ಲಿ ಮಾರ್ಕ್ಸ್ ಧಾರಾಳವಾಗಿ ಹಾಕುತ್ತಾರೆ ಎಂದು ಸೀನಿಯರುಗಳು ಹೇಳಿದ್ದರಿಂದ ನಾವು ಮುಗಿಬಿದ್ದು ತೆಗೆದುಕೊಂಡಿದ್ದೆವು. ಆ ಪೇಪರು ಯಾರ ಬಗ್ಗೆ ಇತ್ತೋ ಅವರ ಪೈಕಿಯವಳು ಇಡೀ ತರಗತಿಯಲ್ಲಿ ಒಬ್ಬಳೇ ಇದ್ದಳು. ನಮಗಿಂತ ಏಳೆಂಟು ವರ್ಷ ದೊಡ್ಡವಳು, ಹಾಗಾಗಿ ನಮಗೆಲ್ಲ ಅವಳು ಅಕ್ಕ.

ಅಕ್ಕನದು ಹಕ್ಕಿ ಹಿಡಿಯುವ ಜನ. ಹರಿಹರದಿಂದ ಸಾರಥಿ ಎಂಬ ಊರು ದಾಟಿ, ಹೊಳೆಯ ಕಡೆಗೆ ಒಂದಿಷ್ಟು ದೂರ ಹೋದರೆ ಅವರ ಹಟ್ಟಿ. ಅವರ ಜನದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅಚ್ಚಾಗಿ ಆದ ಅನಾಹುತವೇ ಸಾಕು. ಮನೆಯಲ್ಲಿ ಅವರು ಆಡುವ ಮಾತು ಕನ್ನಡವಲ್ಲ, ನನಗೆ ಅದರ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅಕ್ಕ ಮಾತ್ರ ಎಷ್ಟು ಚೆಂದದ ಕನ್ನಡ ಬರೆಯುತ್ತಿದ್ದಳೆಂದರೆ, ಪರೀಕ್ಷೆಯ ಹಿಂದಿನ ವಾರ ನಾವೆಲ್ಲ ವಿನೋಬನಗರದ ಅವಳ ಬಾಡಿಗೆ ಕೋಣೆಗೆ ಮಂಡಕ್ಕಿ ಕಟ್ಟಿಸಿಕೊಂಡು ಹೋಗಿ, ಅವಳಿಂದ ಪಾಠ ಹೇಳಿಸಿಕೊಂಡು ಬರುತ್ತಿದ್ದೆವು. ಮೊದಲ ದಿನ ಅವಳ ತಲೆಯ ಎಣ್ಣೆಯ ವಾಸನೆಗೆ ಬೆಂಚು ಬಿಟ್ಟು ಎದ್ದ ಹುಡುಗಿಯರೇ ಆಮೇಲೆ ಅವಳ ಪಕ್ಕದ ಜಾಗಕ್ಕೆ ಜಗಳ ಆಡಿದರು.

ಅವಳ ಆಸೆ ಒಂದೇ. ಎಂ.ಎ. ಮುಗಿಸಬೇಕು, ಲೆಕ್ಚರರ್ ಆಗಬೇಕು, ಹೈಸ್ಕೂಲಿನಲ್ಲಿದ್ದ ತಂಗಿಯನ್ನು ಕೈಹಿಡಿದು ಕಾಲೇಜಿಗೆ ಸೇರಿಸಬೇಕು. ಆ ಹಟ್ಟಿಯಲ್ಲಿ ಅಲ್ಲಿಯವರೆಗೆ ಹೆಣ್ಣುಮಕ್ಕಳಿರಲಿ, ಗಂಡುಮಕ್ಕಳೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ತಂಗಿಯ ಮಾತು ಬಂದರೆ ಸಾಕು, ಅಕ್ಕನಿಗೆ ಮುಖವೆಲ್ಲ ಬೆಳಕು. "ನಂದೇನ್ ಬಿಡು, ದಾರಿ ಸವೆಸಾಕಿ ನಾನು. ನಡ್ಯಾಕಿ ಅಕಿ" ಎನ್ನುತ್ತಿದ್ದಳು.

ನಮ್ಮ ಪೇಪರಿನ ಮೇಷ್ಟ್ರು ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು. ಒಳ್ಳೆಯವರೇ. ಖಾದಿ ಜುಬ್ಬಾ, ಹೆಗಲಿಗೊಂದು ಚೀಲ, ಅನ್ಯಾಯ ಎಂಬ ಶಬ್ದ ಬಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಒಮ್ಮೆ ಪುಸ್ತಕ ನೋಡಿಕೊಂಡು ಅಕ್ಕನ ಜನರ ಮದುವೆ ಪದ್ಧತಿಯನ್ನು ಹೇಳುತ್ತಿದ್ದಾಗ ಅಕ್ಕ ಎದ್ದು ನಿಂತು, "ಸರ್, ಅದು ಹಂಗಲ್ಲ" ಎಂದಳು. ಮೇಷ್ಟ್ರು ಸಿಟ್ಟಾಗಲಿಲ್ಲ, ಕುಣಿದಾಡಿದರು. ಅವತ್ತೇ ನಿಶ್ಚಯವಾಯಿತು: ಅಕ್ಕನ ಕಿರುಪ್ರಬಂಧ ಅವಳ ಹಟ್ಟಿಯ ಬೇಟೆಯ ಬಗ್ಗೆಯೇ, ನಮ್ಮ ತರಗತಿಯ ಕ್ಷೇತ್ರಕಾರ್ಯವೂ ಅಲ್ಲಿಗೇ. ಅಕ್ಕ ತನ್ನ ಮಾತಿನಿಂದ ಕನ್ನಡಕ್ಕೆ ತಂದು ಹೇಳಬೇಕು. ಅದಕ್ಕೆ ಮೇಷ್ಟ್ರು ಕಟ್ಟುನಿಟ್ಟಾಗಿ ಒಂದು ನಿಯಮ ಕಲಿಸಿದರು. ಅನುವಾದ ಮಾಡುವವರು ತಮ್ಮ ಕಡೆಯಿಂದ ಒಂದು ಶಬ್ದವನ್ನೂ ಸೇರಿಸಬಾರದು, ಬಿಡಬಾರದು, ವಿವರಣೆಯಂತೂ ಕೊಡಲೇಬಾರದು. ಸ್ವಂತ ಜನರ ಬಗ್ಗೆ ಕೆಲಸ ಮಾಡುವವರಿಗೆ ಈ ಶಿಸ್ತು ಎರಡು ಪಟ್ಟು ಬೇಕು ಎಂದರು. ಅಕ್ಕ ತಲೆಯಾಡಿಸಿದಳು. ಅವಳು ಕ್ಲಾಸಿನಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ವಿದ್ಯಾರ್ಥಿನಿ.

ನಾವು ಹೋದದ್ದು ಚಳಿಗಾಲದ ಒಂದು ಭಾನುವಾರ. ಹರಿಹರಕ್ಕೆ ಬಸ್ಸು, ಅಲ್ಲಿಂದ ಟೆಂಪೋ. ಮೇಷ್ಟ್ರ ಪರಿಚಯದ ಒಬ್ಬ ವರದಿಗಾರ ಹರಿಹರದಲ್ಲಿ ಹತ್ತಿಕೊಂಡ. ಒಳ್ಳೆಯ ಪ್ರಚಾರ ಸಿಕ್ಕರೆ ಹಟ್ಟಿಗೆ ರಸ್ತೆಯಾದರೂ ಆದೀತು ಎಂದು ಮೇಷ್ಟ್ರೇ ಕರೆದಿದ್ದರು.

ಅಕ್ಕನ ಅಪ್ಪ ಹಟ್ಟಿಯ ಬಾಯಲ್ಲೇ ನಿಂತಿದ್ದರು. ಕುಳ್ಳಗೆ, ಕೆಂಪು ರುಮಾಲು, ಮುಖದ ತುಂಬ ಮೀಸೆ. "ಬರ್ರಿ ಬರ್ರಿ, ಕೂಡ್ರಿ" ಎಂಬಷ್ಟು ಕನ್ನಡದಲ್ಲಿ ಹೇಳಿ ಮುಂದಿನದನ್ನೆಲ್ಲ ತಮ್ಮ ಮಾತಿನಲ್ಲಿ ಶುರುಮಾಡಿದರು. ನಿಜ ಹೇಳಬೇಕೆಂದರೆ ಅವರು ಬೇಟೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಊರೂರು ತಿರುಗಿ ಸೂಜಿ, ಮಣಿಸರ, ಬಾಚಣಿಗೆ ಮಾರಿ ಮನೆ ನಡೆಸುತ್ತಿದ್ದರು. ಆದರೆ ಮಗಳ ಕಾಲೇಜಿನವರು ಹಕ್ಕಿ ಹಿಡಿಯುವವರನ್ನು ನೋಡಲು ಬರುತ್ತಿದ್ದಾರೆ, ಬಾಚಣಿಗೆ ಮಾರುವವನನ್ನು ನೋಡಲು ಅಲ್ಲವಲ್ಲ. ಬೇರೆ ಹಟ್ಟಿಯ ನೆಂಟರಿಂದ ಒಂದು ಹಳೆಯ ಬಲೆ ಬೇಡಿ ತಂದು, ಬೆಳಗಾಗುವ ಮುಂಚೆ ಎದ್ದು ಹೋಗಿ, ನಮಗಾಗಿ ಒಂದೆರಡು ಗೌಜುಗ ಹಕ್ಕಿ ಹಿಡಿದಿದ್ದರು. ಒಲೆಯ ಮೇಲೆ ಅದು ಬೇಯುತ್ತಿತ್ತು. ಲಿಂಗವಂತರ ಹುಡುಗಿ ನಾನು, ಮೂಗು ಮುಚ್ಚಿಕೊಳ್ಳುವುದೋ ಬಿಡುವುದೋ ತಿಳಿಯದೆ ಒದ್ದಾಡುತ್ತಿದ್ದೆ. ಮುದುಕ ಅದನ್ನು ನೋಡಿ, ಯಾರಿಗೂ ಗೊತ್ತಾಗದ ಹಾಗೆ ನನ್ನ ಮಡಿಲಿಗೆ ಎರಡು ಬಾಳೆಹಣ್ಣು ಹಾಕಿ ಕಣ್ಣು ಮಿಟುಕಿಸಿದರು. ಆ ಮಿಟುಕಿಗೆ ನಾನು ಅಲ್ಲೇ ಅವರ ಕಡೆಯವಳಾದೆ.

ಎಲ್ಲರೂ ಕಂಬಳಿಯ ಮೇಲೆ ಕೂತೆವು. ಮೇಷ್ಟ್ರು ಕೇಳಿದರು, ಈಗಲೂ ಹಕ್ಕಿ ಹಿಡಿಯುತ್ತೀರಾ? ಅಕ್ಕನ ಅಪ್ಪ ಮೀಸೆ ನೇವರಿಸಿಕೊಂಡು ಏನೋ ಹೇಳಿದರು. ಅಕ್ಕ ಕನ್ನಡಕ್ಕೆ ತಂದಳು: ಬಲೆಯ ಒಂದು ಬೀಸಿಗೆ ಬುಟ್ಟಿ ತುಂಬುತ್ತದೆ. ನಾವೆಲ್ಲ ತಲೆ ತಗ್ಗಿಸಿ ಬರೆದುಕೊಂಡೆವು. ಅವರು ಒಂದು ಕ್ಷಣ ನಮ್ಮ ಮುಖ ನೋಡಿದರು. ಆಮೇಲೆ ಮತ್ತೆ ಹೇಳಿದರು: ಬುಟ್ಟಿ ಎಲ್ಲಿಯದು, ಚೀಲಗಟ್ಟಲೆ. ನಾವು ಬರೆದುಕೊಂಡೆವು. ಅವರು ಇನ್ನಷ್ಟು ಗಟ್ಟಿಯಾಗಿ ಹೇಳಿದರು: ಎತ್ತಿನ ಗಾಡಿ ಹೊಡೆದುಕೊಂಡು ಹೋಗುತ್ತೇವೆ, ಗಾಡಿ ತುಂಬಿಸಿ ತರುತ್ತೇವೆ. ಪೆನ್ನುಗಳ ಸದ್ದು ಬಿಟ್ಟರೆ ಯಾರದೂ ಉಸಿರಿಲ್ಲ. ಹಟ್ಟಿಯವರು ಬಾಯಿಗೆ ಸೆರಗು ಹಿಡಿದು ಕಿಸಕ್ಕೆನ್ನುತ್ತಿದ್ದರು. ಮುದುಕನ ಹಣೆಯಲ್ಲಿ ಬೆವರು. ಕೊನೆಗೆ ಅವರು ಎದ್ದು ನಿಂತು ಎರಡೂ ಕೈ ಅಗಲ ಮಾಡಿ ಒಂದು ದೊಡ್ಡ ಮಾತು ಹೇಳಿದರು. ಅಕ್ಕ ಮೇಷ್ಟ್ರ ಕಡೆ ನೋಡಿದಳು, ಮೇಷ್ಟ್ರು ಹೇಳು ಎಂಬಂತೆ ಕೈ ಮಾಡಿದರು. ಅಕ್ಕ ಹೇಳಿದಳು: "ಲಾರಿ ತುಂಬ ಗೌಜುಗ ಬೊಂಬಾಯಿಗೆ ಹೋಗ್ತಾವು."

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕೂತು ನಕ್ಕಿದ್ದೇ ನಕ್ಕಿದ್ದು. "ಯಾರರ ಒಬ್ರು ಒಂದು ಸುಳ್ಳು ಹೇಳಿದ್ರ ಅಪ್ಪ ಬುಟ್ಟಿಗೇ ನಿಂದ್ರಿಸ್ತಿದ್ದ, ಪಾಪ!" ಎಂದಳು. ಆಗಲೇ ನನಗೆ ತಿಳಿದದ್ದು. ಅವರಲ್ಲಿ ಮನೆಗೆ ಬಂದವರ ಮುಂದೆ ಯಜಮಾನ ಬಡಾಯಿ ಹೇಳಲೇಬೇಕು. ಇದ್ದದ್ದು ಇದ್ದಷ್ಟೇ ಹೇಳಿದರೆ, ನಿನ್ನ ಯೋಗ್ಯತೆ ಇಷ್ಟೇ ಎಂದು ಬಂದವರಿಗೆ ಅಂದಂತೆ. ಬಂದವರು ಅದಕ್ಕಿಂತ ದೊಡ್ಡದೊಂದು ಸುಳ್ಳು ಬಿಡಬೇಕು. ಆಗ ಇಬ್ಬರೂ ನಕ್ಕು ಊಟಕ್ಕೆ ಕೂರುವುದು. ಬಂದವರು ಸುಮ್ಮನಿದ್ದರೆ ಅವರಿಗೆ ಸಮಾಧಾನವಾಗಿಲ್ಲ ಎಂದರ್ಥ, ಯಜಮಾನ ಇನ್ನೂ ಏರಿಸಬೇಕು. ನಾವು ಅಷ್ಟೂ ಮಂದಿ ಓದಿದವರು ಬಾಯಿ ಬಿಡದೆ ಬರೆಯುತ್ತ ಕೂತು, ಆ ಮುದುಕನನ್ನು ಹೊಳೆದಂಡೆಯಿಂದ ಬೊಂಬಾಯಿಯವರೆಗೆ ಓಡಿಸಿದ್ದೆವು. ಅಕ್ಕ ಮುಂದಿನ ಸೀಟಿಗೆ ಬಾಗಿ ಮೇಷ್ಟ್ರಿಗೂ ಇದನ್ನು ಹೇಳಿದಳು. ಅವರಿಗೆ ಖುಷಿಯೋ ಖುಷಿ. ಇದೇ ಒಂದು ಪ್ರತ್ಯೇಕ ಅಧ್ಯಾಯವಾಗುತ್ತದೆ, ನೋಟ್ಸ್ ಮಾಡಿಕೊ ಎಂದರು. ವರದಿಗಾರ ಹರಿಹರದಲ್ಲೇ ಇಳಿದು ಹೋಗಿದ್ದ.

ಪತ್ರಿಕೆಯಲ್ಲಿ ಬಂದದ್ದು ಮೂರನೇ ದಿನ. ದಪ್ಪ ಅಕ್ಷರದ ತಲೆಬರಹ: ಹೊಳೆದಂಡೆಯಿಂದ ಮುಂಬೈಗೆ ಲಾರಿಗಟ್ಟಲೆ ಗೌಜುಗ. ಕೆಳಗೆ ಹಟ್ಟಿಯ ಹೆಸರು, ಜನದ ಹೆಸರು, ಅಕ್ಕನ ಅಪ್ಪನ ಹೆಸರು. ಕೊನೆಯಲ್ಲಿ, ಎಂದು ಅವರ ಮಗಳು, ಸ್ನಾತಕೋತ್ತರ ವಿದ್ಯಾರ್ಥಿನಿ, ತಿಳಿಸಿದರು... ಬರೆದವನು ಸುಳ್ಳು ಬರೆದಿರಲಿಲ್ಲ. ಅವನಿಗೆ ತಿಳಿಯುತ್ತಿದ್ದದ್ದು ಅಕ್ಕನ ಕನ್ನಡವೊಂದೇ, ಅವಳು ಹೇಳಿದ್ದನ್ನೇ ಅಕ್ಷರಶಃ ಬರೆದಿದ್ದ.

ಆ ವಾರವೇ ಹಟ್ಟಿಗೆ ಅರಣ್ಯ ಇಲಾಖೆಯ ಜೀಪು ಹೋಯಿತು. ನೆಂಟರ ಬಲೆ ಇನ್ನೂ ಗುಡಿಸಲ ಸೂರಿನಲ್ಲಿತ್ತು, ತಿಪ್ಪೆಯಲ್ಲಿ ನಮ್ಮ ಊಟದ ಗರಿಗಳಿದ್ದವು. ಗೌಜುಗ ಹಿಡಿಯುವುದು ಕಾನೂನಿನ ಪ್ರಕಾರ ಅಪರಾಧ. ಅಕ್ಕನ ಅಪ್ಪನನ್ನು ಕರೆದುಕೊಂಡು ಹೋದರು. ಬೊಂಬಾಯಿಯ ಸಾಹುಕಾರ ಯಾರು ಹೇಳು, ಲಾರಿ ಯಾರದು ಹೇಳು ಎಂದು ಕೇಳಿದರಂತೆ. ಇಲ್ಲದ ಸಾಹುಕಾರನ ಹೆಸರು ಅವರು ಎಲ್ಲಿಂದ ತರಬೇಕು? ಗೊತ್ತಿಲ್ಲ ಎಂದದ್ದಕ್ಕೆ ಪೆಟ್ಟು ಬಿತ್ತು.

ಅಕ್ಕ ಮೇಷ್ಟ್ರ ಕೋಣೆಗೆ ಹೋದಳು. ನಾನೂ ಜೊತೆಗಿದ್ದೆ. ಅದು ಬಡಾಯಿ, ಅವರ ಪದ್ಧತಿ, ನಾನೇ ಕಣ್ಣಾರೆ ಕಂಡೆ ಎಂದು ಕೋರ್ಟಿಗೆ ಬಂದು ಒಂದು ಮಾತು ಹೇಳಿ ಸರ್ ಎಂದು ಬೇಡಿದಳು. ಮೇಷ್ಟ್ರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಆದರೆ ಅವರು ಕೋರ್ಟಿಗೆ ಬರಲಾರರು. ನಮ್ಮ ಸ್ನಾತಕೋತ್ತರ ಕೇಂದ್ರದ ಹೆಸರು ಕೇಸಿನಲ್ಲಿ ಬರಬಾರದೆಂದು ಮೇಲಿನವರು ಹೇಳಿದ್ದಾರಂತೆ. ಮತ್ತೆ, ಬಲು ಮೆತ್ತಗೆ, ಇನ್ನೊಂದು ಮಾತು ಹೇಳಿದರು. ನೀನು ಅನುವಾದಿಸಿದ ಮಾತೇ ನಿಜವಲ್ಲ ಎಂದು ಕೋರ್ಟಿನಲ್ಲಿ ದಾಖಲಾದರೆ ನಿನ್ನ ಪ್ರಬಂಧವನ್ನು ಪರೀಕ್ಷಕರು ಒಪ್ಪುವುದು ಹೇಗೆ, ಯೋಚನೆ ಮಾಡು. ಸಾಮಾಜಿಕ ನ್ಯಾಯ ನಮ್ಮ ಪೇಪರಿನ ಹೆಸರಿನಲ್ಲೇ ಇತ್ತು. ಅದು ಅಲ್ಲೇ ಉಳಿಯಿತು. ನನಗೆ ಇವತ್ತಿಗೂ ಆ ಕೋಣೆ ನೆನೆದರೆ ಮೈ ಉರಿಯುತ್ತದೆ.

ಅಕ್ಕ ಯೋಚನೆ ಮಾಡಲಿಲ್ಲ. ಹೊರಗೆ ಬಂದವಳೇ, "ಅಪ್ಪ ಒಳಗ ಕುಂತಾನ, ನಂಗ್ಯಾತ್ರ ಡಿಗ್ರಿ" ಎಂದು ಬಸ್‌ಸ್ಟಾಪಿಗೆ ನಡೆದಳು.

ಜಾಮೀನಿನ ದಿನ ಮನೆಯಲ್ಲಿ ಗೆಳತಿಯ ನಿಶ್ಚಿತಾರ್ಥ ಎಂದು ಹೇಳಿ ನಾನು ಹರಿಹರದ ಕೋರ್ಟಿಗೆ ಹೋದೆ. ಅಕ್ಕನ ಅಪ್ಪ ಒಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು, ರುಮಾಲು ಇರಲಿಲ್ಲ. ತಲೆ ಅಷ್ಟು ಬೋಳು ಎಂದು ನನಗೆ ಗೊತ್ತೇ ಇರಲಿಲ್ಲ. ಜಡ್ಜ್ ಸಾಹೇಬರು ಪತ್ರಿಕೆ ನೋಡಿ ಈ ಮಗಳು ಯಾರು ಎಂದರು. ಅಕ್ಕ ಮುಂದೆ ಹೋದಳು. ಅವಳು ಪದ್ಧತಿಯನ್ನೆಲ್ಲ ಒಂದೊಂದಾಗಿ ವಿವರಿಸಿದಳು, ಬುಟ್ಟಿ ಯಾಕೆ ಚೀಲವಾಯಿತು, ಚೀಲ ಯಾಕೆ ಗಾಡಿಯಾಯಿತು ಎಂದು. ಅಲ್ಲಿದ್ದವರು ನಗತೊಡಗಿದರು. ಸರ್ಕಾರದ ಕಡೆಯ ವಕೀಲರು, ಹಾಗಾದರೆ ಅವತ್ತು ಪತ್ರಿಕೆಯವರ ಮುಂದೆ ಹೇಳಿದ್ದು ಸುಳ್ಳೋ, ಇವತ್ತು ಹೇಳುತ್ತಿರುವುದು ಸುಳ್ಳೋ ಎಂದು ಕೇಳಿದರು. ಅಕ್ಕ ಅಪ್ಪನ ಕಡೆ ತಿರುಗಿ ನೋಡಿದಳು. "ಅವತ್ತು ನಮ್ಮಪ್ಪನ ಸುಳ್ಳನ್ನ ನಿಯತ್ತಾಗಿ ಹೇಳಿದ್ನಿರಿ" ಎಂದಳು. ನಗು ಇನ್ನೂ ಜೋರಾಯಿತು. ಅವತ್ತು ಜಾಮೀನು ಸಿಗಲಿಲ್ಲ.

ಸಿಕ್ಕಿದ್ದು ಬೇಸಿಗೆ ಶುರುವಾದ ಮೇಲೆ. ಅಷ್ಟರಲ್ಲಿ ಅಕ್ಕ ವಿನೋಬನಗರದ ಕೋಣೆ ಖಾಲಿ ಮಾಡಿದ್ದಳು. ಪ್ರಬಂಧ ಕೊಡಲಿಲ್ಲ, ಪರೀಕ್ಷೆಗೂ ಬರಲಿಲ್ಲ. ಅವಳ ಜಾಗದಲ್ಲಿ ಯಾರೋ ಚೀಲ ಇಡತೊಡಗಿದರು...

ನನ್ನ ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಹಟ್ಟಿಗೆ ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದು ಸುಳ್ಳನ್ನು ತಿದ್ದಿ ತೀಡಿ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಬಡಾಯಿ ಶುರುಮಾಡಲಿ, ಈ ಸಲ ನಾನು ಬಿಡುವವಳಲ್ಲ ಎಂದುಕೊಂಡಿದ್ದೆ. ನನಗೆ ತಿಳಿದಿದ್ದ ಸಮಾಧಾನದ ದಾರಿ ಅದೊಂದೇ. ಅಕ್ಕನ ಅಪ್ಪ ಗುಡಿಸಲ ಮುಂದೆ ಮಣಿ ಪೋಣಿಸುತ್ತಿದ್ದರು. "ಬರ್ರಿ" ಎಂದರು. ಮತ್ತೇನೂ ಹೇಳಲಿಲ್ಲ. ನಾನು ಕಾದೆ. ನೀರು ಬಂತು, ಕುಡಿದೆ, ಮತ್ತೂ ಕಾದೆ. ಕೊನೆಗೆ ತಡೆಯಲಾರದೆ ನಾನೇ ಶುರುಮಾಡಿದೆ. "ನಮ್ಮಪ್ಪನ ಮಂಡಿಯಾಗ ಈ ವರ್ಷ ಎಷ್ಟು ಬೆಲ್ಲ ಬಂದೈತಂದ್ರ, ಮನಿ ಗ್ವಾಡಿನೆಲ್ಲ ಬೆಲ್ಲದಾಗ ಕಟ್ಟೀವ್ರಿ. ಇರುವಿ ಓಡ್ಸಾಕ ಬಾಗ್ಲಾಗ ಆನಿ ಕಟ್ಟೀವಿ!"

ಅವರು ಮಣಿ ಬಿಟ್ಟು ತಲೆಯೆತ್ತಿದರು. ನಾನು ಮೈಯೆಲ್ಲ ಕಿವಿಯಾಗಿ ಕೂತೆ. ಅವರು ನನ್ನನ್ನೇ ನೋಡುತ್ತ, ತೊಡರುವ ಕನ್ನಡದಲ್ಲಿ, "ಹೌದೇನ್ರಿ... ಬೆಲ್ಲ ಭಾಳ ತುಟ್ಟಿ ಆಗೈತಂತ" ಎಂದು ಮತ್ತೆ ಮಣಿಗೆ ಕೈ ಹಾಕಿದರು. ನನಗೆ ಅಳು ಬಂತು. ಅವರ ಮುಂದೆಯೇ ಅತ್ತುಬಿಟ್ಟೆ.

ಅಕ್ಕ ನನ್ನನ್ನು ಕಳಿಸಲು ರಸ್ತೆಯವರೆಗೆ ಬಂದಳು. ಜೈಲಿನಿಂದ ಬಂದಾಗಿನಿಂದ ಅಪ್ಪ ಹೀಗೇ ಎಂದಳು. ಮೊನ್ನೆ ಬೀಗರು ಬಂದರೆ ಅವರ ಮುಂದೆಯೂ, ನಮ್ಮ ಹತ್ತಿರ ಏನೂ ಇಲ್ಲ, ಮೂರು ಸೂಜಿ ಮಾರಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಬೀಗರು ಅವಮಾನ ತಾಳಲಾರದೆ ಉಣ್ಣದೆ ಎದ್ದು ಹೋದರಂತೆ. ಮಾತು ಬದಲಿಸಲೆಂದು ನಾನು, ತಂಗಿಯ ರಜೆ ಮುಗಿಯಿತೇ, ಶಾಲೆ ಯಾವಾಗ ಶುರು ಎಂದು ಕೇಳಿದೆ.

"ಬಿಡ್ಸಿದೆ" ಎಂದಳು.

ಹಟ್ಟಿಯ ಹಿರಿಯರು ಬಿಡಿಸಿದರೇನೋ ಎಂದುಕೊಂಡು ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ತಡೆದಳು.

"ಅವ್ರಲ್ಲ. ನಾನೇ ಬಿಡ್ಸಿದೆ. ಅಕಿ ಅಳ್ತಾ ಕುಂತ್ಲು, ಆದ್ರೂ ಬಿಡ್ಸಿದೆ. ನನ್ನ ನೋಡಿ ಮಗ್ಗಲ ಮನಿಯವ್ರೂ ಬಿಡ್ಸಿದ್ರು. ನಾನು ಕನ್ನಡ ಚಲೋ ಕಲ್ತಿದ್ದಕ್ಕ ಅಪ್ಪ ಒಳಗ ಹೋದ. ನಮ್ಮನ್ಯಾಗ ಇನ್ನೊಬ್ಬಾಕಿ ಕಲ್ಯಾದು ಬ್ಯಾಡ."

ಶಿಕ್ಷಣ, ವಿಮೋಚನೆ, ಹಕ್ಕು ಎಂದು ನಾಲ್ಕು ದಿನದ ಹಿಂದಷ್ಟೇ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವಳು ನಾನು. ಟೆಂಪೋ ಬಂತು, ಹತ್ತಿದೆ. ಅಕ್ಕ ಕೈ ಬೀಸಲಿಲ್ಲ, ನಿಂತೇ ಇದ್ದಳು.

ಅದೇ ಕೊನೆ. ಎರಡು ವರ್ಷದ ಮೇಲೆ, ಮದುವೆಯಾಗಿ ತವರಿಗೆ ಬಂದಾಗ, ಅಕ್ಕನ ಅಪ್ಪ ತೀರಿಕೊಂಡರೆಂದೂ ಕೇಸು ಇನ್ನೂ ನಡೆದೇ ಇತ್ತೆಂದೂ ಯಾರೋ ಹೇಳಿದರು. ಅಕ್ಕ ಎಲ್ಲಿಗೋ ಸರ ಮಾರಲು ಹೋದವಳು ಆ ಕಡೆಯೇ ಉಳಿದಳು ಎಂದರು. ನಾನು ವಿಚಾರಿಸಿದೆ, ಹುಡುಕಿದೆ... ಸಿಗಲಿಲ್ಲ. ಮೇಷ್ಟ್ರು ದೊಡ್ಡ ಹುದ್ದೆಗೆ ಏರಿ ನಿವೃತ್ತರಾದರು. ಬಡಾಯಿಯ ಆ ಅಧ್ಯಾಯವನ್ನು ಯಾರೂ ಬರೆಯಲಿಲ್ಲ. ಬರೆಯಬಲ್ಲವಳು ಅವಳೊಬ್ಬಳೇ ಇದ್ದಳು.

ಈಗ ನಾನು ಅದೇ ಪೇಪರನ್ನು ಕಲಿಸುವವಳು. ಹೆಸರು ಇನ್ನಷ್ಟು ಉದ್ದವಾಗಿದೆ, ಪ್ರೊಜೆಕ್ಟರ್ ಬಂದಿದೆ, ಮಾರ್ಕ್ಸ್ ಈಗಲೂ ಧಾರಾಳ. ಲೆಕ್ಕ ಹಾಕಿದರೆ ಅಕ್ಕನ ತಂಗಿಗೆ ನಲವತ್ತು ದಾಟಿರಬೇಕು, ಮಕ್ಕಳಿದ್ದರೆ ಎಂ.ಎ. ಓದುವ ವಯಸ್ಸು. ಅದಕ್ಕೇ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಎಲ್ಲರನ್ನೂ ಎಬ್ಬಿಸಿ ನಿಮ್ಮದು ಯಾವ ಊರು ಎಂದು ಕೇಳುತ್ತೇನೆ. ಹರಿಹರ ಕಡೆಯವರು ಎದ್ದರೆ, ಹರಿಹರದಲ್ಲಿ ಎಲ್ಲಿ ಎಂದು ಬಿಡದೆ ಕೇಳುತ್ತೇನೆ. ಮೇಡಂಗೆ ಆ ಕಡೆ ನೆಂಟರಿರಬೇಕು ಎಂದು ಹುಡುಗರು ಮುಸಿಮುಸಿ ನಗುತ್ತಾರೆ. ಈ ವರ್ಷವೂ ಕೇಳಿದೆ. ಸಾರಥಿಯ ಒಬ್ಬ ಹುಡುಗ ಎದ್ದು ನಿಂತ. ಹೊಳೆಯ ಕಡೆ ಒಂದು ಹಟ್ಟಿ ಇತ್ತಲ್ಲ, ಅಲ್ಲಿಂದ ಯಾರಾದರೂ ಓದಲು ಬರುತ್ತಾರಾ ಎಂದು ಕೇಳಿದೆ.

"ಅಲ್ಲಿ ಇಸ್ಕೂಲಿಗೇ ಕಳ್ಸಲ್ರಿ ಮೇಡಂ ಹೆಣ್ಮಕ್ಳನ್ನ. ಯಾಕಂತ ಅವ್ರಿಗೂ ಗೊತ್ತಿಲ್ಲ, ಮೊದ್ಲಿಂದ್ಲೂ ಹಂಗೇ ಐತಂತ."

ಇದು ಅವರ ಸಂಸ್ಕೃತಿಯೇನ್ರಿ ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿ, ಪೆನ್ನು ತೆಗೆದು ನನ್ನ ಉತ್ತರಕ್ಕೆ ಕಾಯುತ್ತ ಕೂತಳು.